ಗ್ರ್ಯಾಚುಟಿಗೆ ಸರ್ವೀಸ್ ಎಣಿಸೋದು ಹೇಗೆ? ನಡುವೆ 12 ದಿನ ಬ್ರೇಕ್ ಕೊಟ್ಟರೆ ಹಳೇ ವರ್ಷಗಳೆಲ್ಲ ಹೋಗುತ್ತಾ?

ಮದ್ದೂರಿನ ಮಗಳು · 2024 ಡಿಸೆಂಬರ್ 22

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮ ಮದ್ದೂರು ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದರು. 2013ರ ಜೂನ್ 10ಕ್ಕೆ ಹೆಲ್ಪರ್ ಆಗಿ ಸೇರಿದರು. ಎರಡು ವರ್ಷದ ಮೇಲೆ ಕಾಲರ್ ಹೊಲಿಯೋ ಮೆಷಿನ್‌ಗೆ ಹಾಕಿದರು. 2018ರ ಏಪ್ರಿಲ್ 20ಕ್ಕೆ ಅವರ ಬ್ಯಾಚ್‌ನ ಸುಮಾರು ಜನರನ್ನು ಆಫೀಸಿಗೆ ಕರೆದು, ಟೈಪ್ ಮಾಡಿದ್ದ ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರಂತೆ. "ಹತ್ತು ದಿನ ಬಿಟ್ಟು ಬನ್ನಿ, ಹೊಸ ಟೋಕನ್ ಕೊಡ್ತೀವಿ" ಅಂದರಂತೆ. ಮೇ 3ಕ್ಕೆ ಅಮ್ಮ ಮತ್ತೆ ಹೋದರು. ಅದೇ ಲೈನ್, ಅದೇ ಮೆಷಿನ್, ಅದೇ ಸೂಪರ್‌ವೈಸರ್. ಟೋಕನ್ ನಂಬರ್ ಮಾತ್ರ ಬೇರೆ.

ಸೊಂಟ ನೋವು ಜಾಸ್ತಿ ಆಗಿ ಈ ವರ್ಷ ನವೆಂಬರ್ 30ಕ್ಕೆ ಕೆಲಸ ಬಿಟ್ಟರು. ಈಗ ಲೆಕ್ಕದ ಶೀಟ್ ಕೊಟ್ಟಿದ್ದಾರೆ. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ತಿಂಗಳಿಗೆ 13,000. ಸರ್ವೀಸ್ 6 ವರ್ಷ. ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ದುಡಿದ ವರ್ಷ ನೋಡಿ ಮಾಲೀಕರು ಕೊಡೋ ಹಣ, 45,000. ಹಳೇ ಸರ್ವೀಸ್ ಬಗ್ಗೆ ಕೇಳಿದರೆ, "ನೀವೇ ರಿಸೈನ್ ಮಾಡಿದ್ರಲ್ಲಮ್ಮ, ಅದೂ ಐದು ವರ್ಷ ತುಂಬಿರಲಿಲ್ಲ" ಅಂತಾರೆ. ಹನ್ನೊಂದು ವರ್ಷ ದುಡಿದಿದ್ದಕ್ಕೆ ಆರು ವರ್ಷ ಅಂತ ಬರೆದಿರೋದು ನೋಡಿ ಅಮ್ಮ ಏನೂ ಮಾತಾಡಲಿಲ್ಲ. ಶೀಟ್ ಮಡಿಚಿ ದೇವರ ಫೋಟೋ ಹಿಂದೆ ಇಟ್ಟರು. ನನಗೆ ಅದೇ ಸಂಕಟ. ಏನಾದರೂ ದಾರಿ ಇದೆಯಾ?

ಪೀಣ್ಯ ಟರ್ನರ್ · 2024 ಡಿಸೆಂಬರ್ 22

ತಂಗಿ, ಮೊದಲು ಒಂದು ವಿಷಯ. ಅವರು ಒಪ್ಪಿಕೊಂಡಿರೋ ಸರ್ವೀಸ್‌ಗೂ ಲೆಕ್ಕ ತಪ್ಪಿದೆ. 2018ರ ಮೇ 3ರಿಂದ 2024ರ ನವೆಂಬರ್ 30ಕ್ಕೆ 6 ವರ್ಷ 6 ತಿಂಗಳು 28 ದಿನ. ಕೊನೇ ವರ್ಷದಲ್ಲಿ ಆರು ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಹಿಡಿಯಬೇಕು. ಅಂದರೆ 7 ವರ್ಷ. 13,000 ಭಾಗಿಸು 26 ಅಂದರೆ ದಿನಕ್ಕೆ 500. 15 ದಿನಕ್ಕೆ 7,500. ಏಳು ವರ್ಷಕ್ಕೆ 52,500 ಆಗಬೇಕು. ಇಲ್ಲೇ 7,500 ಕಡಿಮೆ ಹಾಕಿದ್ದಾರೆ.

30ರಿಂದ ಯಾಕೆ ಭಾಗಿಸಲ್ಲ ಅಂತ ನಮ್ಮ ಫ್ಯಾಕ್ಟರಿಯಲ್ಲೂ ತುಂಬಾ ಜನ ಕೇಳುತ್ತಾರೆ. ತಿಂಗಳಿಗೆ ನಾಲ್ಕು ವಾರದ ರಜೆ ಬಿಟ್ಟು 26 ದಿನದ ಕೂಲಿ ಅಂತ ಕಾಯ್ದೆಯಲ್ಲೇ ಇದೆ. 30ರಿಂದ ಭಾಗಿಸಿದ ಶೀಟ್ ಯಾರಾದರೂ ಕೊಟ್ಟರೆ ಸಹಿ ಹಾಕಬೇಡಿ.

ಹಳೇ ಐದು ವರ್ಷದ ವಿಷಯ ಇಲ್ಲಿ ಬರೆಯೋ ನಿವೃತ್ತ ಗುಮಾಸ್ತರು ಬಂದು ಹೇಳಲಿ. ಅಲ್ಲಿವರೆಗೂ ಅಮ್ಮನ ಹತ್ತಿರ ಇರೋ ಒಂದು ಚೀಟಿಯನ್ನೂ ಎಸೆಯಬೇಡಿ.

ನಿವೃತ್ತ ಗುಮಾಸ್ತ · 2024 ಡಿಸೆಂಬರ್ 23

ನಾನು ಕಾರ್ಮಿಕ ಇಲಾಖೆಯಲ್ಲಿದ್ದು ನಿವೃತ್ತನಾದವನು. ಇಂಥ ಅರ್ಜಿಗಳನ್ನು ಫೈಲ್ ಮಾಡಿಯೇ ನನ್ನ ಅರ್ಧ ಸರ್ವೀಸ್ ಕಳೆದಿದೆ. ನಿಧಾನವಾಗಿ ಹೇಳುತ್ತೇನಮ್ಮ.

ಗ್ರ್ಯಾಚುಟಿ ಅಂದರೆ ನಮ್ಮ ಕಡತದ ಭಾಷೆಯಲ್ಲಿ ಉಪದಾನ. 1972ರ ಕಾಯ್ದೆ. ಅದರಲ್ಲಿ ಐದು ವರ್ಷ "ನಿರಂತರ ಸೇವೆ" ಬೇಕು ಅಂತ ಇದೆ. ಕೆಲಸಗಾರ ತೀರಿಕೊಂಡರೆ, ಇಲ್ಲವೇ ಅಂಗವಿಕಲನಾದರೆ, ಐದು ವರ್ಷದ ಮಾತೇ ಇಲ್ಲ. ಈಗ ಎಲ್ಲ ಜಗಳ ನಿಂತಿರೋದು ಆ "ನಿರಂತರ" ಅನ್ನೋ ಪದದ ಮೇಲೆ. ಅದರ ಅರ್ಥ 2ಎ ಕಲಮಿನಲ್ಲಿದೆ. ಕಾಯಿಲೆ, ಅಪಘಾತ, ರಜೆ, ಲೇ ಆಫ್, ಮುಷ್ಕರ, ಲಾಕೌಟ್, ಕೆಲಸಗಾರನ ತಪ್ಪಿಲ್ಲದೆ ಕೆಲಸ ನಿಂತದ್ದು, ಇವು ಯಾವುವೂ ಸೇವೆಯನ್ನು ಮುರಿಯಲ್ಲ. ಹೇಳದೆ ಕೇಳದೆ ಗೈರಾಗಿದ್ದರೂ ಅಷ್ಟೇ. ಅದನ್ನು ಬ್ರೇಕ್ ಅಂತ ಪರಿಗಣಿಸಿ ನಿಯಮದ ಪ್ರಕಾರ ಲಿಖಿತ ಆದೇಶ ಮಾಡಿರದಿದ್ದರೆ ಸೇವೆ ಮುಂದುವರಿದ ಹಾಗೇ.

ಈ ಕಲಮು ಮೊದಲು ಇರಲಿಲ್ಲ. ಸೊಲ್ಲಾಪುರದ ಲಕ್ಷ್ಮಿ ವಿಷ್ಣು ಮಿಲ್ಲಿನ ಕಾರ್ಮಿಕರ ಕೇಸಿನಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್, ಗೈರುಹಾಜರಿಯಿಂದಾಗಿ ವರ್ಷಕ್ಕೆ 240 ದಿನ ತುಂಬದವರಿಗೆ ಆ ವರ್ಷ ಸಿಗಲ್ಲ ಅಂದಿತ್ತು. ಪರ್ಮನೆಂಟ್ ಇದ್ದವರಿಗೂ ಸಿಗಲಿಲ್ಲ. ಆಮೇಲೆ 1984ರಲ್ಲಿ ಕಾಯ್ದೆಯನ್ನೇ ತಿದ್ದಿದರು. ಆದ್ದರಿಂದ ಯಾರಾದರೂ "ಈ ವರ್ಷ ನಿನಗೆ 240 ದಿನ ಆಗಿಲ್ಲ" ಅಂದ ಕೂಡಲೇ ಹೆದರಬೇಡಿ. ಸೇವೆ ಎಲ್ಲೂ ಮುರಿಯದೆ ನಡೆದಿದ್ದರೆ 240ರ ಲೆಕ್ಕವೇ ಬೇಡ. ಮುರಿದಿದೆ ಅಂತ ಅವರು ವಾದ ಮಾಡಿದಾಗ ಮಾತ್ರ ಆ 240 ನಿಮ್ಮ ನೆರವಿಗೆ ಬರುತ್ತದೆ, ಆ ವರ್ಷ ಅಷ್ಟು ದಿನ ಕೆಲಸ ಮಾಡಿದ್ದರೆ ವರ್ಷ ಪೂರ್ತಿಯಾದ ಹಾಗೇ.

ಈಗ ಅಮ್ಮನ ಆ 12 ದಿನಕ್ಕೆ ಬರೋಣ. ನಿಜವಾಗಿ ಮನಸ್ಸು ಮಾಡಿ ರಾಜೀನಾಮೆ ಕೊಟ್ಟು, ಲೆಕ್ಕ ಚುಕ್ತಾ ಮಾಡಿಸಿಕೊಂಡು, ಆಮೇಲೆ ಹೊಸದಾಗಿ ಸೇರಿದ್ದರೆ ಅಲ್ಲಿಗೆ ಹಳೇದು ಮುಗಿಯಿತು. ಇದನ್ನು ಮುಚ್ಚಿಡದೆ ಹೇಳಬೇಕು. ಆದರೆ ಇಡೀ ಬ್ಯಾಚ್‌ನಿಂದ ಒಂದೇ ದಿನ, ಒಂದೇ ಒಕ್ಕಣೆಯ ಕಾಗದಕ್ಕೆ ಸಹಿ ಹಾಕಿಸಿ, ಮತ್ತೆ ಅದೇ ಮೆಷಿನ್‌ಗೆ ಕೂರಿಸಿದರೆ ಅದು ರಾಜೀನಾಮೆಯಾ? ಕೆಲಸಗಾರರ ತಪ್ಪಿಲ್ಲದೆ ಕೆಲಸ ನಿಂತದ್ದು ಅಂತಲೇ ನೀವು ವಾದ ಮಾಡಬೇಕು. ಇನ್ನು "ನನಗೆ ಬೇರೇನೂ ಬರಬೇಕಾಗಿಲ್ಲ" ಅಂತ ಬರೆಸಿಕೊಂಡ ಮಾತ್ರಕ್ಕೆ ಹಕ್ಕು ಹೋಗಲ್ಲ. ಕಾಯ್ದೆಗೆ ವಿರುದ್ಧವಾದ ಒಪ್ಪಂದಕ್ಕಿಂತ ಕಾಯ್ದೆಯೇ ಮೇಲು ಅಂತ 14ನೇ ಕಲಮಿನಲ್ಲಿದೆ.

ನಾಲ್ಕು ವಿಷಯ ನೋಡಿ ಹೇಳಿ. ಆ 12 ದಿನದ ನಂತರ ಕೂಲಿ ಟೈಲರ್ ದರದಲ್ಲೇ ಸಿಕ್ಕಿತಾ, ಹೆಲ್ಪರ್ ದರಕ್ಕೆ ಇಳಿಯಿತಾ? ಹಳೇ ಪಿಎಫ್ ತೆಗೆದುಕೊಂಡಿದ್ದಾರಾ? ಆಗ ಗ್ರ್ಯಾಚುಟಿ ಅಂತ ಏನಾದರೂ ಕೊಟ್ಟಿದ್ದರಾ? ಅವತ್ತು ಸಹಿ ಹಾಕಿದ ಬೇರೆಯವರು ಈಗಲೂ ಸಂಪರ್ಕದಲ್ಲಿ ಇದ್ದಾರಾ?

ವೈಟ್‌ಫೀಲ್ಡ್ ಬಸ್ · 2024 ಡಿಸೆಂಬರ್ 23

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನ್ನದು ಸಾಫ್ಟ್‌ವೇರ್ ಕೆಲಸ. ಇದೇ ಕಂಪನಿಯಲ್ಲಿ 4 ವರ್ಷ 8 ತಿಂಗಳು ಆಗಿದೆ, ಬೇರೆ ಆಫರ್ ಬಂದಿದೆ. ವಾರಕ್ಕೆ ಐದೇ ದಿನ ಕೆಲಸ. ನಾಲ್ಕು ತಿಂಗಳು ಕಾಯಬೇಕಾ?

ಎಚ್‌ಆರ್ ಹುಬ್ಬಳ್ಳಿ · 2024 ಡಿಸೆಂಬರ್ 23

ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯೋ ಸಂಸ್ಥೆಗೆ 240 ಅಲ್ಲ, 190 ದಿನ. ಗಣಿಯಲ್ಲಿ ನೆಲದೊಳಗೆ ಇಳಿಯುವವರಿಗೂ 190. ಐದನೇ ವರ್ಷದಲ್ಲಿ ಅಷ್ಟು ದಿನ ಕೆಲಸ ಮಾಡಿದ್ದರೆ ಆ ವರ್ಷ ಪೂರ್ತಿಯಾದ ಹಾಗೇ ಅಂತ ಮದ್ರಾಸ್ ಹೈಕೋರ್ಟ್ ಮೆಟ್ಟೂರು ಬಿಯರ್ಡ್‌ಸೆಲ್ ಕೇಸಿನಲ್ಲಿ ಹೇಳಿದೆ. ಅದನ್ನು ಇಲ್ಲೂ ಆಧಾರವಾಗಿ ತೋರಿಸಬಹುದು. ಆದರೆ ಅದು ಮದ್ರಾಸಿನ ತೀರ್ಪು, ಕರ್ನಾಟಕದಲ್ಲಿ ಕಡ್ಡಾಯ ಅಲ್ಲ. ತುಂಬಾ ಕಂಪನಿಗಳು "ಐದು ಅಂದರೆ ಐದು" ಅಂತ ಕೂರುತ್ತವೆ. ಜಗಳ ಬೇಡ ಅಂದರೆ ಹೊಸ ಕಂಪನಿಯವರ ಹತ್ತಿರ ಸೇರೋ ದಿನಾಂಕ ಮುಂದಕ್ಕೆ ಕೇಳಿ. ನೋಟಿಸ್ ಅವಧಿ ಮುಗಿಯೋವರೆಗೂ ಸರ್ವೀಸ್‌ಗೆ ಸೇರುತ್ತದೆ, ರಾಜೀನಾಮೆ ಕೊಟ್ಟ ದಿನಕ್ಕೆ ನಿಲ್ಲಲ್ಲ. ಎಷ್ಟೋ ಜನಕ್ಕೆ ಇದೇ ಗೊತ್ತಿಲ್ಲ.

ಆಫೀಸಿನ ಕಡೆಯವಳಾಗಿ ಇನ್ನೊಂದು ಮಾತು. ನಮ್ಮಲ್ಲೇ ಸರಿಯಾಗಿ ತಿಳಿಯದೆ ತಪ್ಪು ಮಾಡುವವರು ಬಹಳ. ಪ್ರೊಬೇಷನ್ ಅವಧಿ ಸೇರಿಸಲ್ಲ ಅಂತಾರೆ. ಸೇರಿಸಬೇಕು. ಸಂಬಳ ಇಲ್ಲದ ರಜೆಯನ್ನೆಲ್ಲ ಒಟ್ಟು ಮಾಡಿ ಸರ್ವೀಸ್‌ನಿಂದ ಕಳೆಯುತ್ತಾರೆ. ಸೇವೆ ಮುರಿಯದೆ ಇದ್ದರೆ ಹಾಗೆ ಕಳೆಯೋ ಹಾಗಿಲ್ಲ. ಅಪ್ರೆಂಟಿಸ್ ಆಗಿದ್ದ ಕಾಲ ಮಾತ್ರ ಕಾಯ್ದೆಯಲ್ಲೇ ಹೊರಗೆ. ಅದಕ್ಕೇ ಕೆಲವರು ಪ್ರೊಡಕ್ಷನ್‌ನಲ್ಲಿ ಪೂರ್ತಿ ದುಡಿಯೋ ಹುಡುಗರಿಗೂ "ಟ್ರೈನಿ" ಅಂತ ಹೆಸರು ಇಟ್ಟಿರುತ್ತಾರೆ. ಹೆಸರು ಟ್ರೈನಿ ಇದ್ದ ಮಾತ್ರಕ್ಕೆ ಅಪ್ರೆಂಟಿಸ್ ಆಗಲ್ಲ.

ಮದ್ದೂರಿನ ಮಗಳು · 2024 ಡಿಸೆಂಬರ್ 24

ಗುಮಾಸ್ತರಿಗೆ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಅಮ್ಮನ ಟ್ರಂಕ್ ತೆಗೆದು ಕೂತೆವು.

ಹಳೇ ಟೋಕನ್ ಕಾರ್ಡ್ ಸಿಕ್ಕಿತು. ಪ್ಲಾಸ್ಟಿಕ್ ಹಳದಿಯಾಗಿದೆ, ನಂಬರ್ ಓದೋಕೆ ಆಗುತ್ತದೆ. 2018ರ ಮಾರ್ಚ್‌ದು ಒಂದು, ಮೇ ತಿಂಗಳದು ಒಂದು ಸಂಬಳದ ಚೀಟಿ ಇದೆ. ಎರಡರಲ್ಲೂ ಟೈಲರ್ ಅಂತಲೇ ಇದೆ. ಎರಡರಲ್ಲೂ ದಿನದ ಕೂಲಿ 300! ಆಗ ಗ್ರ್ಯಾಚುಟಿ ಒಂದು ರೂಪಾಯಿ ಕೊಟ್ಟಿಲ್ಲ. ಪಿಎಫ್ ತೆಗೆದ ನೆನಪು ಅಮ್ಮನಿಗೆ ಇಲ್ಲ. ಅವತ್ತು ಸಹಿ ಹಾಕಿದವರಲ್ಲಿ ನಾಲ್ಕು ಜನ ನಮ್ಮ ಊರಿನ ಗಾಡಿಯಲ್ಲೇ ಹೋಗುತ್ತಿದ್ದವರು.

ಇಎಸ್‌ಐ (ಕಾರ್ಮಿಕರ ವಿಮೆ) ಕಾರ್ಡೂ ಇದೆ. ಅದರ ನಂಬರ್ ಬದಲಾಗಿಲ್ಲ.

ಪೀಣ್ಯ ಟರ್ನರ್ · 2024 ಡಿಸೆಂಬರ್ 24

ಮಾರ್ಚ್ ಚೀಟಿ, ಮೇ ಚೀಟಿ ಎರಡೂ ಇಟ್ಟುಕೊಂಡಿರೋ ನಿಮ್ಮ ಅಮ್ಮನಿಗೆ ಕೈ ಮುಗಿಯಬೇಕು. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಟೈಲರ್ ದರ ಯಾರು ಕೊಡುತ್ತಾರೆ ಹೇಳಿ? ಎರಡನ್ನೂ ಇವತ್ತೇ ಜೆರಾಕ್ಸ್ ಮಾಡಿಸಿ. ಆ ಥರ್ಮಲ್ ಪೇಪರ್ ಅಕ್ಷರ ಬಿಸಿಲಿಗೆ ಅಳಿಸಿಹೋಗುತ್ತದೆ.

ಪಿಎಫ್ ವಿಷಯಕ್ಕೆ: ಕೆಲಸ ಬಿಟ್ಟು ಎರಡು ತಿಂಗಳು ಖಾಲಿ ಇದ್ದರೆ ಮಾತ್ರ ಪೂರ್ತಿ ಹಣ ತೆಗೆಯೋಕೆ ಆಗುತ್ತಿತ್ತು. 12 ದಿನದಲ್ಲಿ ಆಗಲ್ಲ. ಯುಎಎನ್ (ಮಾಲೀಕರು ಬದಲಾದರೂ ಬದಲಾಗದ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ನೋಡಿ. ಎರಡು ಮೆಂಬರ್ ಐಡಿ ಕಾಣಬೇಕು. ಹಳೇದರಲ್ಲಿ ಹಣ ಹಾಗೇ ಇದ್ದರೆ, ಇಲ್ಲವೇ ಹೊಸದಕ್ಕೆ ವರ್ಗ ಆಗಿದ್ದರೆ, "ಲೆಕ್ಕ ಚುಕ್ತಾ ಆಗಿತ್ತು" ಅನ್ನೋ ಅವರ ಮಾತು ಬಿದ್ದುಹೋಗುತ್ತದೆ.

ಈ ಪಿಎಫ್ ಅನ್ನೋದು ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ವಿಷಯ ಅಂತ 2016ರ ಏಪ್ರಿಲ್‌ನಲ್ಲಿ ಕಣ್ಣಾರೆ ನೋಡಿದ್ದೇನೆ. 58 ವರ್ಷದವರೆಗೆ ಮಾಲೀಕರ ಪಾಲು ತೆಗೆಯೋ ಹಾಗಿಲ್ಲ ಅಂತ ನಿಯಮ ಬಂದಾಗ ಬೆಂಗಳೂರಿನ ರಸ್ತೆಗಳಲ್ಲಿ ಎಲ್ಲಿ ನೋಡಿದರೂ ಅವರೇ. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು.

ನಿವೃತ್ತ ಗುಮಾಸ್ತ · 2024 ಡಿಸೆಂಬರ್ 25

ಒಳ್ಳೆಯ ದಾಖಲೆಗಳಮ್ಮ. ಇದಕ್ಕಿಂತ ಕಡಿಮೆ ಇಟ್ಟುಕೊಂಡು ಗೆದ್ದವರನ್ನು ನೋಡಿದ್ದೇನೆ.

ಲೆಕ್ಕವನ್ನು ಎರಡು ರೀತಿ ಬರೆದು ಇಟ್ಟುಕೊಳ್ಳಿ. ಮೊದಲನೆಯದು, ಇಡೀ ಸೇವೆ ಒಂದೇ ಅಂತ. 2013ರ ಜೂನ್ 10ರಿಂದ 2024ರ ನವೆಂಬರ್ 30ಕ್ಕೆ 11 ವರ್ಷ 5 ತಿಂಗಳು 21 ದಿನ. ಇಲ್ಲಿ ಆರು ತಿಂಗಳು ದಾಟಿಲ್ಲ. ಆದ್ದರಿಂದ 11 ವರ್ಷ. 7,500ರಂತೆ 82,500. ನಿಮ್ಮ ಮುಖ್ಯ ಬೇಡಿಕೆ ಇದೇ ಆಗಿರಲಿ.

ಎರಡನೆಯದು, ಅಕಸ್ಮಾತ್ ಸೇವೆ ಎರಡು ತುಂಡು ಅಂತಲೇ ತೀರ್ಮಾನ ಆದರೆ. ಮೊದಲ ತುಂಡು 4 ವರ್ಷ 10 ತಿಂಗಳು ಆಗಿತ್ತು. ಐದನೇ ವರ್ಷ 2017ರ ಜೂನ್ 10ಕ್ಕೆ ಶುರುವಾಗಿ ಏಪ್ರಿಲ್ 20ಕ್ಕೆ ನಿಂತಿದೆ. ಒಟ್ಟು 315 ದಿನ. ಭಾನುವಾರ 45 ತೆಗೆದರೂ 270. ಅಮ್ಮ ಒಂದಿಷ್ಟು ರಜೆ ಹಾಕಿದ್ದರೂ 240ಕ್ಕೆ ಮೋಸ ಇಲ್ಲ. ಅಲ್ಲದೆ ಸಂಬಳ ಕೊಟ್ಟ ವಾರದ ರಜೆ, ಹಬ್ಬದ ರಜೆಗಳನ್ನೂ 240ಕ್ಕೆ ಸೇರಿಸಬೇಕು ಅಂತ ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ನೌಕರರ ಕೇಸಿನಲ್ಲಿ 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದು ಕೈಗಾರಿಕಾ ವಿವಾದ ಕಾಯ್ದೆಯ ಕೇಸು, ಆದರೆ ಪದಗಳು ಹೆಚ್ಚುಕಡಿಮೆ ಅವೇ. ಈ ದಾರಿಯಲ್ಲಿ ಹೋದರೆ ಮೊದಲ ಐದು ವರ್ಷಕ್ಕೆ 2018ರ ಕೂಲಿ. 300 ಇಂಟು 15 ಇಂಟು 5, ಅಂದರೆ 22,500. ಅದಕ್ಕೆ ಆ ಏಳು ವರ್ಷದ 52,500 ಸೇರಿಸಿದರೆ 75,000.

ಯಾವ ದಾರಿ ಹಿಡಿದರೂ 45,000 ಅಂತೂ ಬರಲ್ಲ.

ಅವರು ಕೊಡೋ ಹಣ ಬೇಡ ಅನ್ನಬೇಡಿ. ತೆಗೆದುಕೊಳ್ಳಿ. ಸಹಿ ಹಾಕುವ ಜಾಗದಲ್ಲಿ "ಬಾಕಿ ಹಕ್ಕನ್ನು ಕಾಯ್ದಿರಿಸಿ ಪಡೆದಿದ್ದೇನೆ" ಅಂತ ಅಮ್ಮನ ಕೈಯಲ್ಲೇ ಬರೆಸಿ. ಮೊದಲು ಮ್ಯಾನೇಜ್‌ಮೆಂಟ್‌ಗೆ ಫಾರಂ 'ಐ' (ಗ್ರ್ಯಾಚುಟಿ ಕೇಳೋ ಅರ್ಜಿ) ತುಂಬಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಕೆಲಸ ಬಿಟ್ಟ 30 ದಿನದೊಳಗೆ ಕೊಡಬೇಕು ಅಂತ ಇದೆ. ತಡವಾದರೂ ಹಕ್ಕು ಸಾಯಲ್ಲ, ಆದರೆ ನಿಮಗಿನ್ನೂ ಐದು ದಿನ ಇದೆಯಲ್ಲ, ಇವತ್ತೇ ಬರೆಯಿರಿ. ಅವರು ಒಪ್ಪದಿದ್ದರೆ ನಿಮ್ಮ ವ್ಯಾಪ್ತಿಯ ಸಹಾಯಕ ಕಾರ್ಮಿಕ ಆಯುಕ್ತರ ಮುಂದೆ ಫಾರಂ 'ಎನ್', ಅಂದರೆ ತೀರ್ಮಾನ ಕೇಳೋ ಅರ್ಜಿ. ಅದನ್ನು ಕೊಡೋಕೆ 90 ದಿನ ಇದೆ.

ಹೈಸ್ಕೂಲ್ ಟೀಚರ್, ಧಾರವಾಡ · 2024 ಡಿಸೆಂಬರ್ 27

ಗುಮಾಸ್ತ ಸರ್, ನಮ್ಮ ಕಥಿನೂ ಇದೇ ರೀ. ಅನುದಾನ ಇಲ್ಲದ ಖಾಸಗಿ ಶಾಲೆ. ಪ್ರತಿ ವರ್ಷ ಮಾರ್ಚ್ 31ಕ್ಕೆ ರಿಲೀವಿಂಗ್ ಆರ್ಡರ್, ಜೂನ್ 1ಕ್ಕೆ ಮತ್ತೆ ಹೊಸ ಆರ್ಡರ್. ಹೀಗೇ 14 ವರ್ಷ. ಅದೇ ಕ್ಲಾಸ್, ಅದೇ ಗಣಿತ. ಬ್ಯಾಸಗಿ ರಜೆಯಲ್ಲೂ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ತೊಗೊಂಡೇವಿ, ರೊಕ್ಕ ಮಾತ್ರ ಇಲ್ಲ. ಶಿಕ್ಷಕರಿಗೆ ಗ್ರ್ಯಾಚುಟಿನೇ ಇಲ್ಲ ಅಂತ ಆಡಳಿತ ಮಂಡಳಿಯವರು ಹೇಳತಾರ. ಹೌದೇನ್ರಿ?

ನಿವೃತ್ತ ಗುಮಾಸ್ತ · 2024 ಡಿಸೆಂಬರ್ 27

ಇಲ್ಲ ಅನ್ನೋದು ತಪ್ಪು ಮೇಡಂ. 2009ರಲ್ಲಿ ಕಾಯ್ದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯ ಆಗುವಂತೆ ಶಿಕ್ಷಕರನ್ನೂ ಸೇರಿಸಿದ್ದಾರೆ. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದ್ದವು. 2022ರ ಆಗಸ್ಟ್ 29ಕ್ಕೆ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿದಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರಿಗೂ ಗ್ರ್ಯಾಚುಟಿ ಕಾಯ್ದೆ ಅನ್ವಯ ಆಗುತ್ತದೆ ಅಂತ ಗುಜರಾತಿನ ಕೇಸೊಂದರಲ್ಲಿ ಹೇಳಿತು.

ಬೇಸಿಗೆ ಬ್ರೇಕ್ ಹಳೇ ಚಾಳಿ. ಹರಿಯಾಣದಲ್ಲಿ ಸರ್ಕಾರವೇ ತಾತ್ಕಾಲಿಕ ಶಿಕ್ಷಕರಿಗೆ ಹೀಗೆ ಮಾಡುತ್ತಿತ್ತು. ರಜೆ ಬರೋ ಹೊತ್ತಿಗೆ ತೆಗೆಯೋದು, ಶಾಲೆ ತೆರೆದಾಗ ಸೇರಿಸಿಕೊಳ್ಳೋದು. 1985ರ ರತನ್ ಲಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಟುವಾಗಿ ಖಂಡಿಸಿತು. ನೀವು ಆ ವಿಶೇಷ ತರಗತಿಯ ಹಾಜರಿ ಪುಸ್ತಕದ ಫೋಟೋ ತೆಗೆದು ಇಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ನೀವು ಶಾಲೆಯಲ್ಲಿ ಇದ್ದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇರೆ ಬೇಡ.

ಕಬ್ಬಿನ ಸೀಸನ್ · 2024 ಡಿಸೆಂಬರ್ 28

ನಾನು ಸಕ್ಕರೆ ಕಾರ್ಖಾನೆಯಲ್ಲಿ ಸೀಸನ್ ನೌಕರ. ಕಬ್ಬು ಅರೆಯೋ ತಿಂಗಳು ಮಾತ್ರ ಕೆಲಸ. ನಮಗೆ 240 ದಿನ ಯಾವತ್ತೂ ತುಂಬಲ್ಲ. ನಮ್ಮಂಥವರ ಲೆಕ್ಕ ಏನು ಸರ್?

ನಿವೃತ್ತ ಗುಮಾಸ್ತ · 2024 ಡಿಸೆಂಬರ್ 28

ನಿಮಗೆ 240 ಬೇಕಾಗಿಲ್ಲ. ಕಾರ್ಖಾನೆ ಆ ವರ್ಷ ಎಷ್ಟು ದಿನ ನಡೆಯಿತೋ ಅದರ ಮುಕ್ಕಾಲು ಭಾಗ ನೀವು ಕೆಲಸ ಮಾಡಿದ್ದರೆ ಆಯಿತು. 160 ದಿನ ಅರೆದರೆ 120 ದಿನ. ಗ್ರ್ಯಾಚುಟಿ ಮಾತ್ರ ವರ್ಷಕ್ಕೆ 15 ದಿನದ್ದಲ್ಲ, ಒಂದು ಸೀಸನ್‌ಗೆ 7 ದಿನದ ಕೂಲಿ. ಆದರೆ ಸೀಸನ್ ಮುಗಿದ ಮೇಲೆ ಮಿಲ್ ಬಿಚ್ಚಿ ರಿಪೇರಿ ಮಾಡೋಕೂ ನಿಮ್ಮನ್ನೇ ಇಟ್ಟುಕೊಂಡು ವರ್ಷಪೂರ್ತಿ ದುಡಿಸಿದ್ದರೆ 7 ದಿನದ ಲೆಕ್ಕ ನಿಮಗೆ ಅನ್ವಯಿಸಲ್ಲ, 15 ದಿನವೇ ಕೇಳಿ.

ಸ್ಟಾಫ್ ನರ್ಸ್ ಹಾಸನ · 2024 ಡಿಸೆಂಬರ್ 30

ಹೆರಿಗೆ ರಜೆಯಲ್ಲಿದ್ದೇನೆ, ಮಗು ಮಲಗಿದಾಗ ಇದನ್ನೆಲ್ಲ ಓದಿದೆ. ನಮ್ಮ ಆಸ್ಪತ್ರೆಯಲ್ಲಿ ಆರು ತಿಂಗಳ ಹೆರಿಗೆ ರಜೆಯನ್ನು ಸರ್ವೀಸ್‌ನಿಂದ ಕಳೆಯುತ್ತೇವೆ ಅಂದಿದ್ದಾರೆ. ಸರಿನಾ?

ಎಚ್‌ಆರ್ ಹುಬ್ಬಳ್ಳಿ · 2024 ಡಿಸೆಂಬರ್ 30

ಸುತರಾಂ ಸರಿಯಲ್ಲ ಕಣ್ರೀ. ಹೆರಿಗೆ ರಜೆಯ 26 ವಾರವೂ ಕೆಲಸ ಮಾಡಿದ ದಿನ ಅಂತಲೇ ಎಣಿಸಬೇಕು. ಮೊದಲು ಇದು 12 ವಾರ ಇತ್ತು. 2017ರಲ್ಲಿ ಹೆರಿಗೆ ರಜೆ 26 ವಾರ ಆದ ಮೇಲೆ ಗ್ರ್ಯಾಚುಟಿ ಎಣಿಕೆಯಲ್ಲೂ 26 ಮಾಡಿದರು.

ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳೋದು ಒಂದೇ ಕಡೆ. ಒಬ್ಬರೇ ಕೆಲಸಗಾರರು, ಒಂದೇ ಸೇರಿದ ದಿನಾಂಕ. ಆದರೆ ಪ್ರತಿಯೊಂದು ಸೌಲಭ್ಯಕ್ಕೂ ಎಣಿಕೆ ಬೇರೆ. ಹೆರಿಗೆ ಭತ್ಯೆ ಸಿಗೋಕೆ ಹೆರಿಗೆ ದಿನಾಂಕದ ಹಿಂದಿನ 12 ತಿಂಗಳಲ್ಲಿ 80 ದಿನ ಸಾಕು. ಇಎಸ್‌ಐ ಕಾಯಿಲೆ ಭತ್ಯೆಗೆ ಆರು ತಿಂಗಳ ಕಂತಿನ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಫ್ಯಾಕ್ಟರಿಯಲ್ಲಿ ಗಳಿಕೆ ರಜೆಗೆ ಹಿಂದಿನ ವರ್ಷ 240 ದಿನ, ಆಮೇಲೆ 20 ದಿನಕ್ಕೆ ಒಂದು ರಜೆ. ಒಂದು ಕಡೆ "ನಿಮಗೆ ಇಷ್ಟು ದಿನ ಆಗಿಲ್ಲ" ಅಂದರೆ ಎಲ್ಲ ಕಡೆಯೂ ಆಗಿಲ್ಲ ಅಂತ ಅರ್ಥ ಅಲ್ಲ.

ಗೇಟ್ ನಂಬರ್ 2 · 2025 ಜನವರಿ 3

ಸೆಕ್ಯೂರಿಟಿ ಕೆಲಸ. ಒಂದೇ ಗೇಟಿನಲ್ಲಿ 9 ವರ್ಷ. ಏಜೆನ್ಸಿ ಮೂರು ಬಾರಿ ಬದಲಾಯಿತು, ನಮ್ಮ ಶರ್ಟಿನ ಮೇಲಿನ ಹೆಸರು ಬದಲಾಯಿತು, ನಾವು ಅಲ್ಲೇ ಇದ್ದೇವೆ. ನಮ್ಮ ಸರ್ವೀಸ್ 9 ವರ್ಷವಾ, 3 ವರ್ಷವಾ?

ಪೀಣ್ಯ ಟರ್ನರ್ · 2025 ಜನವರಿ 3

ಅಣ್ಣ, ನಿಮ್ಮದು ಎಲ್ಲರಿಗಿಂತ ಕಷ್ಟ. ಗ್ರ್ಯಾಚುಟಿಗೆ ಏಜೆನ್ಸಿಯೇ ಮಾಲೀಕ ಅಂತ ಹಿಡಿಯುತ್ತಾರೆ, ಏಜೆನ್ಸಿ ಬದಲಾದರೆ ಮತ್ತೆ ಒಂದರಿಂದ ಎಣಿಕೆ. ನಿಮ್ಮ ಗೇಟ್ ಪಾಸ್, ಡ್ಯೂಟಿ ರಿಜಿಸ್ಟರ್‌ನ ಫೋಟೋ ಇಟ್ಟುಕೊಂಡು ಯೂನಿಯನ್ ಮೂಲಕವೇ ಹೋಗಿ, ಒಬ್ಬರೇ ಹೋಗಬೇಡಿ.

ಆದರೆ ಪಿಎಫ್ ಪಿಂಚಣಿಯಲ್ಲಿ ಹಾಗಿಲ್ಲ. ಎಷ್ಟು ಮಾಲೀಕರು ಬದಲಾದರೂ ಒಂದೇ ಯುಎಎನ್ ಅಡಿಯಲ್ಲಿ ಎಲ್ಲ ವರ್ಷ ಕೂಡುತ್ತದೆ. 10 ವರ್ಷ ಆದರೆ 58ಕ್ಕೆ ಪಿಂಚಣಿ. ಒಂಬತ್ತೂವರೆ ಆಗಿದ್ದರೂ ಹತ್ತು ಅಂತ ಹಿಡಿಯುತ್ತಾರೆ. ನಿಮಗೆ ಇನ್ನು ಸ್ವಲ್ಪವೇ ಬಾಕಿ. ಎರಡು ಯುಎಎನ್ ಆಗಿದ್ದರೆ ಮಾತ್ರ ತಕ್ಷಣ ಒಂದು ಮಾಡಿಸಿ. ಕೈ ಬಿಗಿ ಆಯಿತು ಅಂತ ಫಾರಂ 10ಸಿ ಹಾಕಿ ಪಿಂಚಣಿ ಹಣ ತೆಗೆಯಬೇಡಿ. ಹಾಗೆ ತೆಗೆದರೆ ಅಷ್ಟು ವರ್ಷದ ಸರ್ವೀಸೇ ಅಳಿಸಿಹೋಗುತ್ತದೆ. ನನ್ನ ತಮ್ಮ ಇದೇ ತಪ್ಪು ಮಾಡಿ ಎಂಟು ವರ್ಷ ಕಳೆದುಕೊಂಡ. ಇನ್ನೊಂದು, ಸಂಬಳ ಇಲ್ಲದ ರಜೆ ಗ್ರ್ಯಾಚುಟಿಯಲ್ಲಿ ಕಳೆಯಲ್ಲ ಅಂತ ಮೇಲೆ ಹೇಳಿದರಲ್ಲ, ಪಿಂಚಣಿಯಲ್ಲಿ ಕಳೆಯುತ್ತಾರೆ. ವಂತಿಗೆ ಕಟ್ಟದ ದಿನ ಅಂತ ಪಟ್ಟಿಯಲ್ಲಿ ಇರುತ್ತದೆ.

ಮದ್ದೂರಿನ ಮಗಳು · 2025 ಫೆಬ್ರವರಿ 9

ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ಫಾರಂ 'ಐ' ಕಳಿಸಿದ ಮೇಲೆ 45,000 ಕೊಟ್ಟರು. ಗುಮಾಸ್ತರು ಹೇಳಿದ ವಾಕ್ಯವನ್ನು ಅಮ್ಮ ತಾವೇ ಬರೆದು ಸಹಿ ಹಾಕಿದರು. ಅಲ್ಲಿನ ಹುಡುಗ "ಇದೆಲ್ಲ ಯಾಕಮ್ಮ ಬರೀತೀರಾ" ಅಂದನಂತೆ. ಅಮ್ಮ "ನನ್ನ ಮಗಳು ಬರೀ ಅಂದಿದ್ದಾಳೆ" ಅಂದರಂತೆ. ಬಾಕಿ ಕೊಡಲ್ಲ ಅಂತ ಪತ್ರ ಬಂತು. ಮೊನ್ನೆ ಫಾರಂ 'ಎನ್' ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆವು.

ಪಾಸ್‌ಬುಕ್ ನೋಡಿದೆ. ಹಳೇ ಖಾತೆಯ ಹಣ 2018ರ ಸೆಪ್ಟೆಂಬರ್‌ನಲ್ಲಿ ಹೊಸ ಐಡಿಗೆ ವರ್ಗ ಆಗಿದೆ. ಪಿಂಚಣಿ ಸರ್ವೀಸೂ ಹತ್ತು ವರ್ಷ ದಾಟಿದೆ! ಅಮ್ಮನಿಗೆ ಪಿಂಚಣಿ ಬರುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಹಿಂದಿನ 60 ತಿಂಗಳ ಸರಾಸರಿ ಕೂಲಿಯನ್ನು ಸರ್ವೀಸ್‌ನಿಂದ ಗುಣಿಸಿ 70ರಿಂದ ಭಾಗಿಸಬೇಕಂತೆ. ಸರಾಸರಿ 12,000 ಅಂದುಕೊಂಡರೆ, 11 ವರ್ಷಕ್ಕೆ ತಿಂಗಳಿಗೆ 1,885. ದೊಡ್ಡ ಹಣ ಅಲ್ಲ. ಆದರೆ ಅಮ್ಮನ ಮಾತ್ರೆಗೆ ಆಗುತ್ತದೆ.

ಮದ್ದೂರಿನ ಮಗಳು · 2025 ನವೆಂಬರ್ 30

ಅಮ್ಮ ಕೆಲಸ ಬಿಟ್ಟು ಇವತ್ತಿಗೆ ಒಂದು ವರ್ಷ.

ವಿಚಾರಣೆಗೆ ಆರು ಬಾರಿ ಹೋದೆವು. ಎರಡು ಬಾರಿ ಅವರ ಕಡೆಯವರು ಬರಲಿಲ್ಲ. ನಾಲ್ಕನೇ ಸಲ ಹಾಜರಿ ಪುಸ್ತಕ ತಂದರು. 2018ರ ಏಪ್ರಿಲ್ 20ಕ್ಕೆ ಒಂದೇ ಪುಟದಲ್ಲಿ 38 ಟೋಕನ್‌ಗಳ ಮುಂದೆ "ರಾಜೀನಾಮೆ" ಅಂತ ಒಂದೇ ಇಂಕಿನಲ್ಲಿ ಬರೆದಿತ್ತು. ಮೇ 3ರ ಪುಟದಲ್ಲಿ ಅವರಲ್ಲಿ 35 ಜನ ಹೊಸ ನಂಬರ್‌ನಲ್ಲಿ ಇದ್ದರು. ಅಧಿಕಾರಿಗಳು ಎರಡೂ ಪುಟ ಅಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು. ಅಮ್ಮನ ಎರಡು ಸಂಬಳದ ಚೀಟಿಯನ್ನೂ ಅದರ ಮೇಲೆ ಇಟ್ಟರು.

ಮುಂದಿನ ತಾರೀಕಿಗೆ ಅವರೇ ರಾಜಿಗೆ ಬಂದರು. ಪೂರ್ತಿ 11 ವರ್ಷ ಒಪ್ಪಿದರು. ಬಾಕಿ 37,500. ಅದಕ್ಕೆ ಹತ್ತು ತಿಂಗಳಿಗೆ ಶೇಕಡಾ 10ರಂತೆ ಬಡ್ಡಿ 3,125. ಒಟ್ಟು 40,625 ಅಕ್ಟೋಬರ್ ಕೊನೆಗೆ ಅಮ್ಮನ ಖಾತೆಗೆ ಬಂತು. ಬಡ್ಡಿ ಬೇಡ, ಅಸಲು ಸಾಕು ಅಂತ ನಾನು ಹೇಳಿದ್ದೆ. ಅಮ್ಮನೇ "ಲೆಕ್ಕ ಅಂದ್ಮೇಲೆ ಲೆಕ್ಕ" ಅಂದರು.

ನಿವೃತ್ತ ಗುಮಾಸ್ತ · 2025 ಡಿಸೆಂಬರ್ 1

ಓದಿ ಕಣ್ಣು ತುಂಬಿ ಬಂತಮ್ಮ. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಇಲ್ಲಿ ಹೊಸದಾಗಿ ಬಂದು ಓದುವವರಿಗೆ ಒಂದು ವಿಷಯ. ಮೊನ್ನೆ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗ್ರ್ಯಾಚುಟಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ. ಈ ತಾಯಿ ಅದಕ್ಕೂ ಮೊದಲೇ ಬಿಟ್ಟಿದ್ದರಿಂದ ಹಳೇ ಕಾಯ್ದೆಯ ಲೆಕ್ಕ. ಇನ್ನು ಮುಂದೆ ಬಿಡುವವರಿಗೆ ಸಾಮಾನ್ಯ ನೌಕರರಾದರೆ ಐದು ವರ್ಷವೇ ಇದೆ, 240 ಮತ್ತು 190 ಕೂಡ ಹಾಗೇ ಇವೆ. ಆದರೆ ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಒಂದು ವರ್ಷ ದುಡಿದರೂ ಗ್ರ್ಯಾಚುಟಿ ಇದೆ. ವಾರ್ಷಿಕ ರಜೆಗೆ 240ರ ಬದಲು 180 ದಿನ ಸಾಕು. ಬೇಸಿಕ್ ಕಡಿಮೆ ತೋರಿಸಿ ಭತ್ಯೆಗಳಲ್ಲೇ ತುಂಬುತ್ತಿದ್ದವರಿಗೂ ಕಡಿವಾಣ ಬಿದ್ದಿದೆ. ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನೂ ಕೂಲಿ ಅಂತಲೇ ಹಿಡಿಯಬೇಕು.

ಮದ್ದೂರಿನ ಮಗಳು · 2025 ಡಿಸೆಂಬರ್ 2

ಸರ್, ಇನ್ನೊಂದು ಸಹಾಯ. ನಮ್ಮ ಗಾಡಿಯಲ್ಲಿ ಹೋಗುತ್ತಿದ್ದ ಆ ನಾಲ್ಕು ಜನರಲ್ಲಿ ಇಬ್ಬರು ಈ ತಿಂಗಳು ಕೆಲಸ ಬಿಡುತ್ತಿದ್ದಾರೆ. ಅಮ್ಮ ಅವರ ಕಾಗದ ಎಲ್ಲ ಹಿಡಿದುಕೊಂಡು ನನ್ನ ಮುಂದೆ ಕೂತಿದ್ದಾರೆ. ಒಬ್ಬರ ಹತ್ತಿರ ಹಳೇ ಟೋಕನ್ ಇಲ್ಲ, ಸಂಬಳದ ಚೀಟಿಯೂ ಇಲ್ಲ. ಇಎಸ್‌ಐ ಕಾರ್ಡ್ ಒಂದೇ ಇದೆ. ಅದರಿಂದ ಏನಾದರೂ ಆಗುತ್ತಾ?

ನಿವೃತ್ತ ಗುಮಾಸ್ತ · 2025 ಡಿಸೆಂಬರ್ 2

ಆಗುತ್ತದೆ. ಆ ನಂಬರ್ ಹಾಕಿ ಇಎಸ್‌ಐ ವೆಬ್‌ಸೈಟಿನಲ್ಲಿ ಲಾಗಿನ್ ಆದರೆ ವಂತಿಗೆಯ ಇತಿಹಾಸ ಕಾಣುತ್ತದೆ. 2018ರ ಏಪ್ರಿಲ್, ಮೇ ಎರಡೂ ತಿಂಗಳು ಎಷ್ಟೆಷ್ಟು ದಿನದ ಕೂಲಿಗೆ ಕಟ್ಟಿದ್ದಾರೆ ನೋಡಿ, ಪ್ರಿಂಟ್ ತೆಗೆಸಿ. ಜೊತೆಗೆ ಸಂಬಳ ಬರುತ್ತಿದ್ದ ಬ್ಯಾಂಕಿನ ಹಳೇ ಸ್ಟೇಟ್‌ಮೆಂಟ್ ಕೇಳಿ. ಹಾಗೇ ಇಬ್ಬರೂ ಬೇರೆ ಬೇರೆ ಫಾರಂ ತುಂಬಬೇಕು, ಒಂದೇ ಕಾಗದದಲ್ಲಿ ಇಬ್ಬರ ಹೆಸರು ಬೇಡ. ತುಂಬಿದ ಮೇಲೆ ಇಲ್ಲಿ ಹಾಕಿ, ಕಳಿಸೋ ಮುಂಚೆ ನಾನೊಂದು ಸಲ ನೋಡುತ್ತೇನೆ. ಹೆಸರು, ನಂಬರ್ ಮಾತ್ರ ಮುಚ್ಚಿ ಹಾಕಿ.